ನಿಮಿಯಾಳ ಮದುವೆಯ ಕ್ಲೆರಿಕೊ

ವಿಲ್ಫ್ರಿದೊ ಮದುವೆಯ ಮಾತೆತ್ತಿದ ದಿನ ನಿಮಿಯಾ ಹಿತ್ತಲಿನ ಮೇಜಿನ ಮುಂದೆ ನಿಂತು ಅನಾನಸು ಹೆಚ್ಚುತ್ತಿದ್ದಳು. ಅವನು ಆಗಷ್ಟೇ ಬಾವಿ ತೋಡುವ ಕೆಲಸದಿಂದ ಬಂದಿದ್ದ. ಮೊಣಕಾಲವರೆಗೂ ಕೆಮ್ಮಣ್ಣು. ಕೈಕಾಲು ಕೂಡ ತೊಳೆಯದೆ ಬಾಗಿಲಲ್ಲಿ ನಿಂತು, ಮಳೆ ಬರಬಹುದು ಎನ್ನುವವನ ದನಿಯಲ್ಲಿ ಹೇಳಿದ: "ನಿಮಿ, ನಾವು ಚರ್ಚಲ್ಲಿ ಮದುವೆ ಆಗ್ಬಿಡೋಣ ಅಂತ."

ಅವಳ ಕೈಯ ಚಾಕು ಒಂದು ಗಳಿಗೆ ನಿಂತಿತು. ಆಮೇಲೆ ಮೊದಲಿಗಿಂತ ಬಿರುಸಾಗಿ ಓಡಿತು.

"ಮೊದ್ಲು ಕಾಲು ತೊಳ್ಕೊ," ಎಂದಳು.

ಅವರಿಬ್ಬರೂ ಒಂದೇ ಸೂರಿನಡಿ ಬಾಳತೊಡಗಿ ಇಪ್ಪತ್ತು ವರ್ಷಗಳ ಮೇಲಾಗಿತ್ತು. ಮಗಳು ಸುನಿಲ್ದಾ ಬೆಳೆದು ಊರ ಶಾಲೆಯಲ್ಲಿ ಮೇಡಂ ಆಗಿದ್ದಳು. ಅವರ ಊರು ಯಗ್ವರೋನ್‌ನಲ್ಲಿ ಹಾಗೆ ಬಾಳುವ ಜೋಡಿಗಳು ಬೀದಿಗೆ ನಾಲ್ಕು ಸಿಗುತ್ತವೆ. ಯಾರೂ ಯಾರನ್ನೂ ಕೇಳುವುದಿಲ್ಲ. ಹಾಗಿರುವಾಗ ಈ ಮನುಷ್ಯನಿಗೆ ಈಗೇನು ಬಂತು? ನಿಮಿಯಾ ಅಂದು ಅನಾನಸನ್ನು ಬೇಕಾದ್ದಕ್ಕಿಂತ ಎಷ್ಟೋ ಸಣ್ಣಗೆ ಹೆಚ್ಚಿಬಿಟ್ಟಳು. ಅದು ಕ್ಲೆರಿಕೊಗೆ ಹೋಗುವ ಹಣ್ಣು. ಅಷ್ಟು ಸಣ್ಣಗಾದರೆ ವೈನಿನಲ್ಲಿ ಕರಗಿ ಗಸಿಯಾಗುತ್ತದೆ. ಕೊನೆಗೆ ಅದನ್ನು ಪಕ್ಕದ ಮನೆಯವರಿಗೆ ಕೊಟ್ಟು ಮತ್ತೊಂದನ್ನು ಕೈಗೆತ್ತಿಕೊಂಡಳು.

ಆ ಊರಿನಲ್ಲಿ ಕ್ಲೆರಿಕೊ ಇಲ್ಲದ ಸಂಭ್ರಮವಿಲ್ಲ. ಮದುವೆ, ಮಗುವಿನ ನಾಮಕರಣ, ಹುಡುಗಿಯರ ಹದಿನೈದನೆಯ ಹುಟ್ಟುಹಬ್ಬ, ಕ್ರಿಸ್‌ಮಸ್, ಯಾವುದಾದರೂ ಸರಿ, ದೊಡ್ಡ ಗಾಜಿನ ಬೋಗುಣಿಯಲ್ಲಿ ಹಣ್ಣು ತೇಲಬೇಕು, ಗುಳ್ಳೆ ಏಳಬೇಕು. ಹಣ್ಣು ಹೆಚ್ಚಿ ಸಕ್ಕರೆಯಲ್ಲಿ ನೆನೆಸಿ, ತಣ್ಣನೆಯ ಬಿಳಿ ವೈನ್ ಹುಯ್ದು, ಬಡಿಸುವ ಹೊತ್ತಿಗೆ ನೊರೆಯುಕ್ಕುವ ವೈನನ್ನು ಮೇಲೆ ಸುರಿಯುವುದು. ಅಷ್ಟನ್ನು ಎಲ್ಲ ಮನೆಯವರೂ ಮಾಡುತ್ತಾರೆ. ನಿಮಿಯಾ ಹುಡುಗಿಯಾಗಿದ್ದಾಗ ಕೆರೆಯ ದಡದ ಸಾನ್ ಬೆರ್ನಾರ್ದಿನೊದಲ್ಲಿ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಬೇಸಿಗೆಯ ಕೆಲಸಕ್ಕಿದ್ದು ಅದನ್ನೇ ಇನ್ನಷ್ಟು ನಾಜೂಕಾಗಿ ಮಾಡುವುದನ್ನು ಕಲಿತು ಬಂದಳು. ಅದಕ್ಕೆ ಅವಳು ತನ್ನದಾಗಿ ಸೇರಿಸಿದ್ದು ಕಹಿಕಿತ್ತಳೆಯ ಹೂವಿನ ನೀರು. ಚಳಿಗಾಲ ಮುಗಿಯುವ ಹೊತ್ತಿಗೆ ಊರಿಗೆ ಊರೇ ಆ ಹೂವಿನ ಘಮದಲ್ಲಿ ಮುಳುಗಿರುತ್ತದೆ. ಬಿಸಿಲೇರುವ ಮೊದಲೇ ಹೂ ಬಿಡಿಸಿ, ತಾಯಿಯ ಕಾಲದ ತಾಮ್ರದ ಪುಟ್ಟ ಭಟ್ಟಿಯಲ್ಲಿ ನೀರಿಳಿಸಿ, ಬಾಟಲಿಗಳಲ್ಲಿ ತುಂಬಿ ವರ್ಷವಿಡೀ ಇಟ್ಟುಕೊಳ್ಳುತ್ತಿದ್ದಳು. ಒಂದು ಬೋಗುಣಿಗೆ ಒಂದೆರಡು ಚಮಚ ಸಾಕು. ಹೆಚ್ಚಾದರೆ ಸೋಪಿನ ವಾಸನೆ, ಕಡಿಮೆಯಾದರೆ ಹಾಕಿದ್ದೇ ತಿಳಿಯುವುದಿಲ್ಲ.

ಅವಳ ಇನ್ನೊಂದು ಗುಣವನ್ನೂ ಊರು ಬಲ್ಲದು. ಅವಳು ಕೂರುವುದಿಲ್ಲ. ಊಟ ನಿಂತೇ, ಮಾತೆ ಎಂಬ ಸೊಪ್ಪು ನೆನೆಸಿದ ತಣ್ಣನೆಯ ನೀರು ಹೀರುವುದೂ ಅತ್ತಿತ್ತ ಓಡಾಡುತ್ತಲೇ. ಸಂಭ್ರಮಗಳಲ್ಲಿ ಬೋಗುಣಿಯಿಂದ ಬೋಗುಣಿಗೆ ಸುತ್ತುತ್ತ, ಕುಡಿಯುವವರ ಮುಖ ನೋಡುತ್ತ, ಐಸು ಹಾಕುತ್ತ, ಸೌಟು ತಿರುವುತ್ತ ಇರುತ್ತಿದ್ದಳು. ಹೂವಿನ ಮುಂದೆ ಗಾಳಿಯಲ್ಲೇ ನಿಂತು ರೆಕ್ಕೆ ಬಡಿಯುವ ಪುಟ್ಟ ಹಕ್ಕಿಯ ಹೆಸರಿಟ್ಟು ಜನ ಅವಳನ್ನು ಮೈನುಂಬಿ ಎಂದು ಕರೆಯುತ್ತಿದ್ದರು. ವಿಲ್ಫ್ರಿದೊ ಇದಕ್ಕೆ ಪೂರಾ ತದ್ವಿರುದ್ಧ. ಬಾವಿಯ ತಳದಲ್ಲಿ ದಿನಗಟ್ಟಲೆ ಒಬ್ಬನೇ ಇದ್ದು ರೂಢಿಯಾದ ಮನುಷ್ಯ. ಒಂದು ಕುರ್ಚಿ ಸಿಕ್ಕರೆ ಅದರಲ್ಲೇ ಸಂಜೆ ಕಳೆಯುತ್ತಿದ್ದ.

ಮದುವೆಯ ಮಾತಿಗೆ ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ವಾರಗಳು ಕಳೆದವು. ಅವನು ಮತ್ತೆ ಕೇಳಿದರೆ ಅವಳಿಗೆ ತಟ್ಟನೆ ಕೋಳಿಗಳ ನೆನಪಾಗುತ್ತಿತ್ತು, ಒಣಹಾಕಿದ ಬಟ್ಟೆಯ ನೆನಪಾಗುತ್ತಿತ್ತು. ಮಗಳು ಎದುರಿಗೆ ನಿಂತು ಕೇಳಿದಾಗ, ಈ ವಯಸ್ಸಿನಲ್ಲಿ ಬಿಳಿ ಬಟ್ಟೆ ಉಟ್ಟು ಜನರ ಬಾಯಿಗೆ ಬೀಳಲೇ ಎಂದು ಜಾರಿಕೊಂಡಳು. ಆ ವರ್ಷದ ಹೂವಿನ ನೀರಿಳಿಸುವಾಗ ಏನು ಯೋಚಿಸುತ್ತ ನಿಂತಿದ್ದಳೋ, ಭಟ್ಟಿಯ ನೀರೆಲ್ಲ ಆರಿ ಹೂವು ತಳ ಹತ್ತಿ, ಸುಟ್ಟ ವಾಸನೆ ಬೀದಿ ತುಂಬ ಹರಡಿತು. ಅವಳ ತಾಯಿಯ ತಂಗಿ ಬಸಿಲಿಸಾ ಬೇಲಿಯಾಚೆಯಿಂದಲೇ ಕೂಗಿದಳು:

"ಲೇ ನಿಮಿಯಾ, ನೀನು ಬಾಯಲ್ಲಿ ಹೇಳದೆ ಇದ್ದದ್ದನ್ನ ನಿನ್ನ ಪಾತ್ರೆ ಹೇಳ್ತಿದೆ ನೋಡು."

ನಿಮಿಯಾ ಒಲೆ ಆರಿಸಿದಳು. ಸುಟ್ಟ ಹೂವನ್ನು ಹಿತ್ತಲಿಗೆ ಚೆಲ್ಲಿ ಭಟ್ಟಿಯನ್ನು ಬೂದಿ ಹಾಕಿ ಉಜ್ಜಿದಳು. ಆ ವರ್ಷ ಅವಳ ಬಳಿ ಹೂವಿನ ನೀರು ಅರ್ಧ ಬಾಟಲಿ ಮಾತ್ರ ಉಳಿಯಿತು.

ಅವಳ ಮನಸ್ಸಿನಲ್ಲಿದ್ದದ್ದು ತೀರ ಹಳೆಯ ಸಂಗತಿ. ಅವಳ ಅಪ್ಪ ಕಿತ್ತಳೆ ಎಲೆಯ ಎಣ್ಣೆ ಇಳಿಸುವ ದೊಡ್ಡ ಭಟ್ಟಿಯಲ್ಲಿ ಕೆಲಸಕ್ಕಿದ್ದ. ಅವನೂ ಅವಳ ತಾಯಿಯೂ ಮದುವೆಯಿಲ್ಲದೆಯೇ ನೆಮ್ಮದಿಯಾಗಿದ್ದರು. ನಿಮಿಯಾಗೆ ಏಳು ವರ್ಷವಾಗಿದ್ದಾಗ ಊರಿಗೆ ಹೊಸ ಪಾದ್ರಿ ಬಂದ. ಹೀಗೆ ಬಾಳುವವರನ್ನೆಲ್ಲ ಮನೆಮನೆಗೆ ಹೋಗಿ ಒಪ್ಪಿಸಿ, ಒಂದೇ ಭಾನುವಾರ ಸಾಲಾಗಿ ನಿಲ್ಲಿಸಿ ಮದುವೆ ಮಾಡಿಸಿದ. ಅಪ್ಪ ಯಾರದೋ ಕೋಟು ಹಾಕಿಕೊಂಡಿದ್ದ, ತೋಳು ಗಿಡ್ಡ. ತಾಯಿ ನಗುತ್ತಿದ್ದಳು. ಅಂದು ಮನೆಯಲ್ಲಿ ಕ್ಲೆರಿಕೊ ಮಾಡಿದ್ದರು. ಮಕ್ಕಳಿಗೆ ತಳದ ಹಣ್ಣು ಮಾತ್ರ ಕೊಟ್ಟರು. ಮುಂದಿನ ಸಲ ಕಿತ್ತಳೆ ಹೂ ಬಿಡುವುದರೊಳಗೆ ಅಪ್ಪ ಕೆಲಸ ಹುಡುಕಿಕೊಂಡು ನದಿ ದಾಟಿ ಅರ್ಜೆಂಟೀನಾಕ್ಕೆ ಹೋದವನು ಮರಳಿ ಬರಲಿಲ್ಲ. ಮೊದಮೊದಲು ಅವರಿವರ ಕೈಯಲ್ಲಿ ಸುದ್ದಿ ಬರುತ್ತಿತ್ತು, ಆಮೇಲೆ ಅದೂ ನಿಂತಿತು. ಅದೇ ಸಾಲಿನಲ್ಲಿ ನಿಂತು ಮದುವೆಯಾದ ಮಿಕ್ಕ ಜೋಡಿಗಳೆಲ್ಲ ಊರಲ್ಲೇ ಇದ್ದರು. ಏಳು ವರ್ಷದ ಹುಡುಗಿಗೆ ಅವರು ಕಾಣಿಸಲಿಲ್ಲ. ಚರ್ಚು, ಕೋಟು, ಬೋಗುಣಿ, ಆಮೇಲೆ ಖಾಲಿ ಹಾಸಿಗೆ. ಅವಳಿಗೆ ಕಂಡದ್ದು ಇಷ್ಟೇ. ದೊಡ್ಡವಳಾದ ಮೇಲೂ ಅದನ್ನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದರೆ ಹುಚ್ಚಿ ಅನ್ನುತ್ತಾರೆಂದು ಅವಳಿಗೇ ಗೊತ್ತಿತ್ತು.

ವಿಲ್ಫ್ರಿದೊನ ಮೇಲೆ ಅವಳಿಗೆ ಬೇರೊಂದು ಸಿಟ್ಟೂ ಇತ್ತು. ಕೆಲವು ವರ್ಷಗಳ ಹಿಂದೆ ಅವಳಿಗೆ ಪಿತ್ತಕೋಶದಲ್ಲಿ ಕಲ್ಲಾಗಿ ರಾಜಧಾನಿಯ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಗಿತ್ತು. ಸುನಿಲ್ದಾ ಹಗಲೂ ರಾತ್ರಿ ಪಕ್ಕದಲ್ಲಿದ್ದಳು. ಈ ಮನುಷ್ಯನ ಸುಳಿವೇ ಇರಲಿಲ್ಲ. ಮನೆಗೆ ಹೊರಡುವ ದಿನ ಗೇಟಿನಾಚೆ ನಿಂತಿದ್ದ. ಕೇಳಿದರೆ, ಎದುರಿನ ಅಂಗಡಿಯಲ್ಲಿ ಫುಟ್‌ಬಾಲ್ ನೋಡುತ್ತಿದ್ದೆ ಎಂದ. ನನ್ನ ಹೊಟ್ಟೆ ಕೊಯ್ಯುವಾಗ ನೀನು ಕರಿದ ತಿಂಡಿ ತಿನ್ನುತ್ತ ಆಟ ನೋಡುತ್ತಿದ್ದೆ ಎಂದು ಅವಳು ಜಗಳವಾದಾಗಲೆಲ್ಲ ಎತ್ತಿ ಆಡುತ್ತಿದ್ದಳು. ಅವನು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ.

ಅಕ್ಟೋಬರಿನಲ್ಲಿ ಯಾರದೋ ಮನೆಯ ಹುಡುಗಿಯ ಹದಿನೈದನೆಯ ಹುಟ್ಟುಹಬ್ಬ. ನಿಮಿಯಾ ತಟ್ಟೆಯಲ್ಲಿ ಲೋಟಗಳನ್ನಿಟ್ಟುಕೊಂಡು ಹೊರಟಿದ್ದಳು, ವಿಲ್ಫ್ರಿದೊ ಕುರ್ಚಿಗಳನ್ನು ಹೊತ್ತುಕೊಂಡು ಎದುರಾದ. ಅವಳು ನಿಲ್ಲದೆಯೇ, "ಡಿಸೆಂಬರಲ್ಲಿ ಆಗ್ಲಿ," ಎಂದು ಹೇಳಿ ಮುಂದೆ ಹೋದಳು. ಡಿಸೆಂಬರಲ್ಲಿ ಏನಾಗಬೇಕು ಎಂದು ಕೇಳಲು ಅವನು ಕುರ್ಚಿ ಇಳಿಸಿ ಅವಳ ಹಿಂದೆ ಓಡಬೇಕಾಯಿತು. ಯಾಕೆ ಒಪ್ಪಿದಳೆಂದು ಅವಳನ್ನು ಕೇಳಿದ್ದರೆ ಹೇಳುತ್ತಿರಲಿಲ್ಲ. ಆ ಕೇಳದೆ ಕಾಯುವ ಮುಖವನ್ನು ದಿನಾ ನೋಡುವುದು ಅವಳಿಗೆ ಸಾಕಾಗಿತ್ತು, ಅಷ್ಟೇ.

ಕ್ರಿಸ್‌ಮಸ್ಸಿನ ಹಿಂದಿನ ಶನಿವಾರ ನಿಕ್ಕಿಯಾಯಿತು. ಬೆಳಿಗ್ಗೆ ಹತ್ತಕ್ಕೆ ಚರ್ಚು, ಆಮೇಲೆ ಮನೆಯಂಗಳದಲ್ಲಿ ಊಟ. ಮಧ್ಯಾಹ್ನ ಹಳ್ಳಿಯೊಂದರಲ್ಲಿ ಮಕ್ಕಳ ನಾಮಕರಣಗಳಿವೆ, ತಡಮಾಡಿದರೆ ಕಾಯಲಾರೆ ಎಂದು ಪಾದ್ರಿ ಮೊದಲೇ ಹೇಳಿಬಿಟ್ಟ. ಹಂದಿ, ಮೆಕ್ಕೆಜೋಳದ ಹಿಟ್ಟಿನ ಸೋಪಾ ರೊಟ್ಟಿ, ಮರಗೆಣಸು ಎಲ್ಲವನ್ನೂ ನಿಮಿಯಾ ಬೇರೆಯವರಿಗೆ ವಹಿಸಿದಳು. ಕ್ಲೆರಿಕೊ ಮಾತ್ರ ತನ್ನದೇ ಎಂದು ಹಟ ಹಿಡಿದಳು. ತನ್ನ ಮದುವೆಗೆ ತಾನೇ ಪಾನಕ ಕಲಸುವ ಹೆಣ್ಣನ್ನು ಈ ಕಣ್ಣು ನೋಡಬೇಕಿತ್ತೇ ಎಂದು ಬಸಿಲಿಸಾ ಹಣೆ ಬಡಿದುಕೊಂಡಳು. ಕೈಗೆ ಕೆಲಸವಿಲ್ಲದಿದ್ದರೆ ಅಂದು ತನ್ನ ಗತಿಯೇನೆಂದು ನಿಮಿಯಾಗಲ್ಲದೆ ಯಾರಿಗೂ ಗೊತ್ತಿರಲಿಲ್ಲ.

ಶುಕ್ರವಾರ ಸಂಜೆ ಬಿರುಗಾಳಿ ಎದ್ದಿತು. ಹೆದ್ದಾರಿಯ ಪಕ್ಕದ ಮರವೊಂದು ವಿದ್ಯುತ್ ತಂತಿಯ ಮೇಲೆ ಬಿದ್ದು ಊರಿಗೆಲ್ಲ ಕರೆಂಟು ಹೋಯಿತು. ಬೆಳಗಾಗುವ ಹೊತ್ತಿಗೆ ದೊಡ್ಡ ಫ್ರೀಜರಿನಲ್ಲಿ ಕೂಡಿಟ್ಟಿದ್ದ ಐಸೆಲ್ಲ ನೀರಾಗಿ ತೊಟ್ಟಿಕ್ಕುತ್ತಿತ್ತು. ಊರಲ್ಲಿ ಯಾರ ಮನೆಯಲ್ಲೂ ಐಸಿಲ್ಲ. ಅಲ್ಲಿ ಡಿಸೆಂಬರ್ ಎಂದರೆ ನಡುಬೇಸಿಗೆ, ಗಾಳಿ ನಿಂತು ಬೆಂಕಿಯಂಥ ಬಿಸಿಲು ಬಿದ್ದಿತ್ತು. ನಿಮಿಯಾ ಹಣ್ಣನ್ನೆಲ್ಲ ಹೆಚ್ಚಿ ಸಕ್ಕರೆ, ಕಿತ್ತಳೆ ರಸದಲ್ಲಿ ನೆನೆಹಾಕಿ, ಮೇಲೆ ಬಟ್ಟೆ ಮುಚ್ಚಿ, ಚೀಲ ತೆಗೆದುಕೊಂಡಳು. ಪಕ್ಕದ ಪೇಟೆ ಪರಗ್ವಾರಿಯಲ್ಲಿ ಐಸು ಮಾಡುವವನ ಬಳಿ ಜನರೇಟರು ಇದೆ, ಮೊದಲ ಬಸ್ಸಿಗೆ ಹೋಗಿ ಮುಂದಿನ ಬಸ್ಸಿಗೆ ಬಂದುಬಿಡುತ್ತೇನೆ ಎಂದಳು.

ಸುನಿಲ್ದಾ ದಾರಿಗೆ ಅಡ್ಡ ನಿಂತಳು. "ಅಮ್ಮಾ, ಮದುಮಗಳು ಐಸ್ ತರಕ್ಕೆ ಹೋಗೋದನ್ನ ಎಲ್ಲಾದ್ರೂ ಕೇಳಿದ್ದೀಯಾ? ಯಾರನ್ನಾದ್ರೂ ಕಳಿಸೋಣ."

"ಬಿಸಿ ಕ್ಲೆರಿಕೊ ಕೊಟ್ಟೋರನ್ನೂ ನಾನು ಕೇಳಿಲ್ಲ. ಕಳಿಸಿದೋರು ಪುಡಿ ಐಸ್ ತರ್ತಾರೆ. ಬಿಡು ದಾರಿ."

ಪರಗ್ವಾರಿಯಲ್ಲಿ ಕೆಲಸ ಬೇಗ ಮುಗಿಯಿತು. ಹೊಟ್ಟು ಹಾಕಿ ಕಟ್ಟಿದ ಐಸಿನ ಮೂಟೆಗಳನ್ನು ಅಂಗಡಿಯವನೇ ಹೆದ್ದಾರಿಯ ಬಸ್ ನಿಲ್ದಾಣಕ್ಕೆ ತಂದಿಟ್ಟು, ಮದುವೆಗೆ ಶುಭವಾಗಲಿ ಎಂದು ಹಾರೈಸಿ ಹೋದ. ಬಸ್ಸು ಬಂತು. ನಿಮಿಯಾ ಕೈ ಎತ್ತಬೇಕಿತ್ತು, ಎತ್ತಲಿಲ್ಲ. ಬಸ್ಸು ಧೂಳೆಬ್ಬಿಸಿಕೊಂಡು ಯಗ್ವರೋನ್ ಕಡೆಗೆ ಹೋಯಿತು. ಏನಾಯಿತು ನನಗೆ ಎಂದು ಅವಳಿಗೇ ಗಾಬರಿ. ಮುಂದಿನದಕ್ಕೆ ಹೋದರಾಯಿತು ಎಂದುಕೊಂಡು ನಿಲ್ದಾಣದ ಈ ತುದಿಯಿಂದ ಆ ತುದಿಗೆ ನಡೆದಳು. ಎದುರು ದಿಕ್ಕಿನಲ್ಲಿ ಎನ್ಕಾರ್ನಾಸಿಯೋನ್‌ಗೆ, ಅಂದರೆ ನದಿಯ ಕಡೆಗೆ, ಹೋಗುವ ದೊಡ್ಡ ಬಸ್ಸುಗಳು ಹೋಗುತ್ತಿದ್ದವು. ಅಪ್ಪನೂ ಈ ದಾರಿಯಲ್ಲೇ ಹೋಗಿರಬೇಕು. ಒಂದು ಬಸ್ಸಿನ ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತ, ಬರುತ್ತೀರಾ ಎಂದು ಕೈಯಾಡಿಸಿದ. ಅವಳ ಕಾಲು ಒಂದು ಹೆಜ್ಜೆ ಮುಂದಕ್ಕೆ ಹೋದದ್ದು ನಿಜ. ಆಮೇಲೆ ಹಿಂದಕ್ಕೆ ಸರಿದು, ಮುಚ್ಚಿದ ಅಂಗಡಿಯೊಂದರ ಮುಂದಿನ ಬೆಂಚಿನ ಮೇಲೆ ಕೂತುಬಿಟ್ಟಳು. ಯಗ್ವರೋನಿನ ಇನ್ನೊಂದು ಬಸ್ಸು ಬಂದು ನಿಂತಿತು. ಡ್ರೈವರು ಊರಿನವನೇ, ಹಾರ್ನ್ ಮಾಡಿದ, ಹೆಸರು ಹಿಡಿದು ಕರೆದ. ನೀನು ಹೋಗು ಎಂದು ಕೈಸನ್ನೆ ಮಾಡಿದಳು. ಮೂಟೆಯ ಕೆಳಗಿನಿಂದ ನೀರು ಒಸರಿ ಅವಳ ಚಪ್ಪಲಿಯವರೆಗೂ ಹರಿದು ಬರುತ್ತಿತ್ತು.

ಇತ್ತ ಊರಲ್ಲಿ ಚರ್ಚಿನ ಮುಂದೆ ಜನ ಸೇರಿದ್ದರು. ಮದುಮಗಳು ಓಡಿಹೋದಳಂತೆ ಎಂಬ ಮಾತು ಮೆಲ್ಲಗೆ ಹರಿದಾಡತೊಡಗಿತ್ತು. ಆ ಡ್ರೈವರು ಬಸ್ಸು ನಿಲ್ಲಿಸಿ ಇಳಿದುಬಂದು, ನಿಮಿಯಾಳನ್ನು ಪರಗ್ವಾರಿಯ ನಿಲ್ದಾಣದಲ್ಲಿ ನೋಡಿದೆ, ಬೆಂಚಿನ ಮೇಲೆ ಕೂತಿದ್ದಳು ಎಂದ.

"ಕೂತಿದ್ಳಾ?" ಎಂದು ವಿಲ್ಫ್ರಿದೊ ಕೇಳಿದ.

"ಹೂಂ, ಕೂತಿದ್ಳು."

ವಿಲ್ಫ್ರಿದೊ ಪಕ್ಕದ ಮನೆಯವರ ಮೂರು ಗಾಲಿಯ ಮೋಟಾರು ಗಾಡಿಯನ್ನು ಇಸಿದುಕೊಂಡು, ಮದುವೆಯ ಅಂಗಿಯಲ್ಲೇ ಹೊರಟ.

ಅವನು ಬಂದು ಗಾಡಿ ನಿಲ್ಲಿಸಿದಾಗ ನಿಮಿಯಾ ತಲೆಯೆತ್ತಿ ನೋಡಿದಳು, ಏಳಲಿಲ್ಲ. ಅವನು ಬೆಂಚಿನ ಆ ತುದಿಯಲ್ಲಿ ಕೂತ. ಬಗ್ಗಿ ಐಸಿನ ಮೂಟೆ ಮುಟ್ಟಿ ನೋಡಿದ.

"ಅರ್ಧ ಹೋಯ್ತು," ಎಂದ.

"ಗೊತ್ತು."

"ನಿಂಗೆ ಬೇಡ ಅಂದ್ರೆ ಬೇಡ ಕಣೇ. ಹಂದಿ ಬೆಂದಾಯ್ತು, ಜನ ಬಂದಾಯ್ತು. ಊಟ ಹಾಕಿ ಕಳಿಸೋಣ. ಅದಕ್ಕೇನಂತೆ."

ಅವಳಿಗೆ ಎಲ್ಲಿತ್ತೋ ರೋಷ ಉಕ್ಕಿ ಬಂತು. "ಅಷ್ಟು ಸುಲಭಾನಾ ನಿಂಗೆ? ಇಷ್ಟು ತಿಂಗಳು ನನ್ನ ಪ್ರಾಣ ತಿಂದೋನು ಯಾರು? ಇದ್ದಕ್ಕಿದ್ದ ಹಾಗೆ ಮದುವೆ, ಚರ್ಚು ಅಂತ ಯಾರು ನಿನ್ನ ಕಿವೀಲಿ ಊದಿದ್ದು? ಆ ಪಾದ್ರಿನಾ?"

"ಪಾದ್ರಿ ಅಲ್ಲ," ಎಂದ ವಿಲ್ಫ್ರಿದೊ. ಅಂಗಿಯ ತೋಳಿನ ಧೂಳು ಕೊಡವಿದ. "ಆಸ್ಪತ್ರೆ ಗೇಟಿನೋನು."

ಅವನು ಅಷ್ಟು ಉದ್ದ ಮಾತಾಡಿದ್ದನ್ನು ಅವಳು ಅದಕ್ಕೆ ಮುಂಚೆ ಕೇಳಿರಲಿಲ್ಲ. ಅವಳಿಗೆ ಆಪರೇಷನ್ ಆಗುವ ದಿನ ಅವನು ಒಳಗೆ ಹೋಗಲು ನೋಡಿದ. ಗೇಟಿನ ಕಾವಲಿನವನು, ನೀನು ಆಕೆಗೇನಾಗಬೇಕು ಎಂದು ಕೇಳಿದ. ಜೊತೆಗಿರೋನು ಎಂದ. ಜೊತೆಗಿರುವವರು ಹೊರಗಿರಿ, ಗಂಡನಾದರೆ ಕಾಗದ ತೋರಿಸು ಎಂದ ಕಾವಲಿನವನು. ಮಾರನೆಯ ದಿನ ಬೇರೆಯವನಿದ್ದ, ಅವನೂ ಅದನ್ನೇ ಕೇಳಿದ. ಹೊರಗೆ ಮಾವಿನ ಮರವೊಂದಿತ್ತು. ಅದರ ಬುಡದಲ್ಲಿ ಕೂತಿದ್ದ, ಅಲ್ಲೇ ಮಲಗಿದ. ಸುನಿಲ್ದಾ ಆಗಾಗ ಬಂದು ಸುದ್ದಿ ಹೇಳಿ ಹೋಗುತ್ತಿದ್ದಳು. ಅಮ್ಮನಿಗೆ ಹೇಳಬೇಡ ಎಂದು ಅವಳಿಂದ ಮಾತು ತೆಗೆದುಕೊಂಡಿದ್ದ. ಆ ಕಾಗದದ ಮಾತು ಅಂದಿನಿಂದಲೂ ಮನಸ್ಸಿನಲ್ಲಿತ್ತು, ಬಾಯಿಗೆ ಬರಲು ಇಷ್ಟು ವರ್ಷ ಬೇಕಾಯಿತು.

"ಮತ್ತೆ ಫುಟ್‌ಬಾಲು?"

"ಯಾವ ಫುಟ್‌ಬಾಲು. ಯಾವ ಟೀಮು ಆಡ್ತು ಅಂತನೂ ಗೊತ್ತಿಲ್ಲ."

"ಇಷ್ಟು ವರ್ಷ ನನ್ನ ಕೈಲಿ ಬೈಸ್ಕೊಂಡ್ಯಲ್ಲ. ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಹೊಲಿಗೆ ಬಿಚ್ಚೋಕ್ಕೆ ಮುಂಚೆ ಆ ಗೇಟಿನೋನ ಹತ್ರ ಜಗಳಕ್ಕೆ ಹೋಗ್ತಿದ್ದೆ."

ಅದು ನಿಜವಾಗಿತ್ತು. ನಿಮಿಯಾಗೆ ನಗು ಬರುವ ಹಾಗಾಗಿ, ಬರಲಿಲ್ಲ. ಮುಖ ಒರೆಸಿಕೊಂಡಳು. ಆಮೇಲೆ ರಸ್ತೆಯನ್ನೇ ನೋಡುತ್ತ ಅಪ್ಪನ ವಿಷಯ ಹೇಳಿದಳು. ಚರ್ಚಿನಲ್ಲಿ ನಿಂತ ಮೇಲೆಯೇ ಅಪ್ಪ ಹೋದದ್ದು, ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು ಎಂದಳು. ಹೇಳುವಾಗ ಅವಳ ಕಿವಿಗೇ ಅದು ಚಿಕ್ಕ ಮಗುವಿನ ಮಾತಿನಂತೆ ಕೇಳಿಸಿತು.

ವಿಲ್ಫ್ರಿದೊ ನಗಲಿಲ್ಲ. ಬಾವಿಯ ಜಾಗ ನೋಡುವಾಗ ಮಣ್ಣು ಕೈಯಲ್ಲಿ ಹಿಡಿದು ಯೋಚಿಸುವಂತೆ ಯೋಚಿಸಿದ. "ನಿಮ್ಮಪ್ಪ ಹೋಗಿದ್ದು ದೊಡ್ಡ ಭಟ್ಟಿ ಮುಚ್ಚಿದ್ದಕ್ಕೆ ಕಣೇ. ಆ ವರ್ಷ ಅರ್ಧ ಊರೇ ನದಿ ದಾಟ್ತು. ನಮ್ಮಣ್ಣನೂ ಹೋದ. ಅವನಿಗೆ ಮದುವೇನೇ ಆಗಿರ್ಲಿಲ್ಲ. ಅವನೂ ಬರ್ಲಿಲ್ಲ."

ಭಟ್ಟಿ ಮುಚ್ಚಿದ್ದು ಅವಳಿಗೆ ಗೊತ್ತಿತ್ತು. ವಿಲ್ಫ್ರಿದೊನ ಅಣ್ಣ ಹೋದದ್ದೂ ಗೊತ್ತಿತ್ತು. ಆದರೆ ಅವೆಲ್ಲ ಒಂದೇ ವರ್ಷದಲ್ಲಿ ಆದವೆಂದು ಅವಳು ಯಾವತ್ತೂ ಜೋಡಿಸಿ ನೋಡಿರಲಿಲ್ಲ. ಎದೆಯ ಭಾರ ಇಳಿಯಿತೆಂದು ಹೇಳಲಾಗದು. ಅಷ್ಟು ವರ್ಷ ಕೂತಿದ್ದ ಹೆದರಿಕೆ ಒಂದು ಮಾತಿಗೆ ಎದ್ದು ಹೋಗುವುದಿಲ್ಲ. ಆದರೂ ಅವಳು ಎದ್ದು ನಿಂತಳು. ಕೆಳಗೆ ಹರಿಯುತ್ತಿದ್ದ ನೀರು ನೋಡಿದಳು.

"ಏಳು. ಐಸ್ ಪೂರ್ತಿ ಹೋಗುತ್ತೆ," ಎಂದಳು.

ಗಾಡಿಯ ಹಿಂದೆ ಐಸಿನ ಮೂಟೆಗಳ ನಡುವೆ ನಿಂತುಕೊಂಡೇ ಅವಳು ಊರಿಗೆ ಬಂದಳು. ಜೋರಾಗಿ ಓಡಿಸು ಎಂದು ದಾರಿಯುದ್ದಕ್ಕೂ ಅವನ ಬೆನ್ನು ತಟ್ಟುತ್ತಿದ್ದಳು. ಅಷ್ಟಾದರೂ ಹೊತ್ತು ಮೀರಿತ್ತು. ಪಾದ್ರಿ ಕಾದು ಕಾದು, ಅಳುವ ಮಕ್ಕಳು ತನಗಾಗಿ ಕಾಯುತ್ತಿದ್ದಾರೆಂದು ಹೇಳಿ, ನಾಳೆ ಬೆಳಗಿನ ಪೂಜೆಯಾದ ಮೇಲೆ ಬಂದರೆ ಮದುವೆ ಮಾಡಿಸುತ್ತೇನೆ ಎಂದು ಹಳ್ಳಿಗೆ ಹೊರಟುಹೋಗಿದ್ದ. ಜನ ಮನೆಯಂಗಳದಲ್ಲಿ ಮರದ ನೆರಳು ಹುಡುಕಿಕೊಂಡು, ಬಾಯಾರಿ, ಹಸಿದು ಕೂತಿದ್ದರು. ಬಸಿಲಿಸಾ ಗೇಟಿನಲ್ಲೇ ಎದುರಾದಳು.

"ಮದುಮಗಳು ಸಿಕ್ಕಿದ್ಳು. ಈಗ ಪಾದ್ರಿ ಕಳೆದುಹೋದ್ರು. ಹೋಗು, ಅವರನ್ನೂ ಹುಡುಕ್ಕೊಂಡು ಬಾ, ಐಸ್ ನಾನು ನೋಡ್ಕೋತೀನಿ."

ಮಗಳು ಅಮ್ಮನ ಮುಖ ನೋಡಿ ಬೈಯಲು ಹೊರಟವಳು ಬೈಯದೆ, ಬಿಳಿ ಲಂಗ, ಕಸೂತಿಯ ರವಿಕೆ ತಂದು ಉಡಿಸಿದಳು. ನಿಮಿಯಾ ಅದರ ಮೇಲೇ ಅಡುಗೆಯ ಬಟ್ಟೆ ಕಟ್ಟಿಕೊಂಡು ಬೋಗುಣಿಗಳ ಮುಂದೆ ನಿಂತಳು.

ಹಣ್ಣು ಬಹಳ ಹೊತ್ತು ನೆನೆದಿತ್ತು. ಪೀಚು ಮೆತ್ತಗಾಗಿ ಅಂಚು ಕರಗಿತ್ತು. ಅನಾನಸು, ದ್ರಾಕ್ಷಿ, ಸೇಬು ಗಟ್ಟಿಯಾಗಿಯೇ ಇದ್ದವು. ಕರಬೂಜ ಒಳ್ಳೆಯ ವಾಸನೆ ಬಿಟ್ಟಿತ್ತು. ಬಾಳೆಹಣ್ಣನ್ನು ಅವಳು ಯಾವಾಗಲೂ ಕೊನೆಗೇ ಹೆಚ್ಚುವುದು, ಅದೊಂದು ಉಳಿದುಕೊಂಡಿತ್ತು. ವೈನೆಲ್ಲ ಮಧ್ಯಾಹ್ನದ ಧಗೆಗೆ ಮೈಬೆಚ್ಚಗಾಗಿ ನಿಂತಿತ್ತು. ಉಳಿದ ಐಸನ್ನು ಹಾಗೇ ಬೋಗುಣಿಗೆ ಹಾಕಿದರೆ ಎಲ್ಲ ನೀರುನೀರಾಗುತ್ತದೆ. ಆದ್ದರಿಂದ ಅವಳು ಬಟ್ಟೆ ಒಗೆಯುವ ದೊಡ್ಡ ತೊಟ್ಟಿಯನ್ನು ತರಿಸಿ, ಐಸನ್ನು ಒಡೆದು ಸುರಿದು, ಮೇಲೆ ಕಲ್ಲುಪ್ಪು ಎರಚಿ, ಬಾಟಲಿಗಳನ್ನೆಲ್ಲ ಕತ್ತಿನವರೆಗೆ ಹುಗಿದಳು. ಕೈಯಿಂದ ಒಂದೊಂದನ್ನೂ ತಿರುಗಿಸುತ್ತ ಹೋದಳು. ಬೆರಳು ಮರಗಟ್ಟಿದವು. ಜನರ ಕಣ್ಣು ತನ್ನ ಬೆನ್ನ ಮೇಲಿದೆಯೆಂದು ಗೊತ್ತಿತ್ತು. ಅವರು ಏನಂದುಕೊಂಡರು, ನಾಳೆ ತಾನು ಚರ್ಚಿಗೆ ಹೋಗುವೆನೋ ಇಲ್ಲವೋ, ಆ ಮಾವಿನ ಮರದ ಕೆಳಗೆ ರಾತ್ರಿ ಮಳೆ ಬಂದಿತ್ತೇ, ತಲೆಯಲ್ಲಿ ಎಲ್ಲವೂ ಒಟ್ಟಿಗೆ ಸುತ್ತುತ್ತಿದ್ದವು. ಕೈ ಮಾತ್ರ ತನ್ನ ಪಾಡಿಗೆ ಬಾಟಲಿ ತಿರುಗಿಸುತ್ತಿತ್ತು.

ಬಿಳಿ ವೈನ್ ತಣ್ಣಗಾದ ಕೂಡಲೇ ಹಣ್ಣಿನ ಮೇಲೆ ಹುಯ್ದಳು. ರುಚಿ ನೋಡಿದರೆ ಸಿಹಿ ಮುಂದಾಗಿತ್ತು, ಕಹಿಕಿತ್ತಳೆಯೊಂದನ್ನು ಹಿಂಡಿದಳು. ಹೂವಿನ ನೀರಿನ ಅರ್ಧ ಬಾಟಲಿ ತೆಗೆದು ಒಂದೊಂದು ಬೋಗುಣಿಗೂ ಚಮಚದಲ್ಲಿ ಅಳೆದು ಬಿಟ್ಟಳು. ಕೊನೆಯ ಬೋಗುಣಿಗೆ ಸಾಲದೆ ಬಂತು. ಬಾಟಲಿಯನ್ನು ಅದೇ ವೈನಿನಲ್ಲಿ ಗಲಬರಿಸಿ ಸುರಿದಳು. ಆಮೇಲೆ ನೊರೆವೈನಿನ ಬಿರಡೆ ತೆಗೆದು, ಸೌಟನ್ನು ಓರೆಯಾಗಿ ಹಿಡಿದು, ಅದರ ಬೆನ್ನ ಮೇಲಿಂದ ಗುಳ್ಳೆ ಸಾಯದಂತೆ ಮೆಲ್ಲಗೆ ಇಳಿಬಿಟ್ಟಳು. ಹಣ್ಣೆಲ್ಲ ಕೆಳಗಿನಿಂದ ಮೇಲಕ್ಕೆದ್ದು ತಿರುಗಿದವು. ಕಿತ್ತಳೆ ಹೂವಿನ ಘಮ ಅಂಗಳದವರೆಗೂ ಹೋಗಿ, ಮಾತಾಡುತ್ತಿದ್ದವರು ತಿರುಗಿ ನೋಡಿದರು. ಸುನಿಲ್ದಾ ಹಿಡಿಯಷ್ಟು ಮಲ್ಲಿಗೆ ಬಿಡಿಸಿ ತಂದು ಮೇಲೆ ತೇಲಿಸಿದಳು.

ಲೋಟಗಳು ಹಂಚಿಕೆಯಾದ ಮೇಲೆ ಯಾರ ಹೆಸರಲ್ಲಿ ಕುಡಿಯುವುದೆಂದು ಯಾರಿಗೂ ತೋಚಲಿಲ್ಲ. ಜನ ಒಬ್ಬರನ್ನೊಬ್ಬರು ನೋಡಿಕೊಂಡರು. ಬಸಿಲಿಸಾ ಕುರ್ಚಿ ಹಿಡಿದು ಎದ್ದು ಲೋಟ ಎತ್ತಿದಳು. "ಮದುವೆ ಆಗದ ಮದುಮಕ್ಕಳಿಗೆ," ಎಂದಳು. ಅಂಗಳ ಗೊಳ್ಳೆಂದಿತು. ನಿಮಿಯಾಗೂ ಆಗ ನಗು ಬಂತು, ಒಮ್ಮೆ ಬಂದದ್ದು ನಿಲ್ಲಲಿಲ್ಲ. ಹಂದಿ ಸ್ವಲ್ಪ ಒಣಗಿತ್ತು, ಸೋಪಾ ಚೆನ್ನಾಗಿತ್ತು. ಮಧ್ಯಾಹ್ನವಿಡೀ ಜನ ಪೋಲ್ಕಾ ಕುಣಿದರು. ಬೋಗುಣಿಗಳ ಸುತ್ತ ಅವಳು ಎಂದಿನಂತೆ ಸುತ್ತಿದಳು. ವಿಲ್ಫ್ರಿದೊ ಕುರ್ಚಿಯಲ್ಲಿ ಕೂತು ಅವಳು ಹೋದಲ್ಲೆಲ್ಲ ಕಣ್ಣು ಹಾಯಿಸುತ್ತಿದ್ದ.

ಭಾನುವಾರ ಬೆಳಿಗ್ಗೆ ಚರ್ಚಿಗೆ ಬಂದವರು ಕೆಲವರೇ, ಅವರಲ್ಲೂ ಅರ್ಧದಷ್ಟು ಜನರಿಗೆ ತಲೆನೋವು. ಕ್ರಿಸ್‌ಮಸ್ಸಿನ ಗೋದಲಿಗೆ ಕಟ್ಟಿದ್ದ ತೆಂಗಿನ ಹೊಂಬಾಳೆಯ ಗಾಢ ವಾಸನೆ ಒಳಗೆಲ್ಲ ತುಂಬಿತ್ತು. ವಿಲ್ಫ್ರಿದೊನ ಅಂಗಿಯ ಮುಂಭಾಗದಲ್ಲಿ ಹಿಂದಿನ ದಿನದ ಹಣ್ಣಿನ ಕಲೆ. ಪೂಜೆಯುದ್ದಕ್ಕೂ ನಿಮಿಯಾ ಕಾಲು ಬದಲಿಸುತ್ತಿದ್ದಳು. ಪಕ್ಕದ ಬಾಗಿಲು ತೆರೆದಿದೆಯೆಂದು ನೋಡಿದಳು, ಹೊರಗಿನ ಬಿಸಿಲು ನೋಡಿದಳು, ತೊಳೆಯದ ಬೋಗುಣಿಗಳಿಗೆ ಇರುವೆ ಮುತ್ತಿರಬಹುದೆಂದು ಯೋಚಿಸಿದಳು. ಹೆದರಿಕೆ ಹಾಗೇ ಇತ್ತು. ಪಾದ್ರಿ ಪ್ರಶ್ನೆ ಶುರುಮಾಡಿದ್ದೇ ತಡ, ಮುಗಿಯುವ ಮೊದಲೇ "ಹೌದು" ಎಂದುಬಿಟ್ಟಳು. ಪಾದ್ರಿ ಕಣ್ಣೆತ್ತಿ ನೋಡಿ, ಪ್ರಶ್ನೆಯನ್ನು ನಿಧಾನವಾಗಿ ಕೊನೆಯವರೆಗೂ ಓದಿ, ಅವಳ ಬಾಯಿಂದ ಇನ್ನೊಮ್ಮೆ ಹೇಳಿಸಿದ.

ಮದುವೆಯಾದ ಮೇಲೆ ಅವಳ ಚಡಪಡಿಕೆ ಕಡಿಮೆಯಾಯಿತೆಂದು ಯಾರೂ ಹೇಳಲಾರರು. ಆ ಬೇಸಿಗೆಯಲ್ಲಿ ಹೆಚ್ಚೇ ಆಯಿತು. ಅವನು ಬರುವುದು ತುಸು ತಡವಾದರೆ ಬೀದಿಯ ತುದಿಗೆ ಹೋಗಿ ನಿಲ್ಲುತ್ತಿದ್ದಳು, ಕೇಳಿದರೆ ತರಕಾರಿಯವನಿಗಾಗಿ ಎನ್ನುತ್ತಿದ್ದಳು. ಅಪ್ಪ ಹೋದದ್ದು ಮದುವೆಯಿಂದಲ್ಲ ಎಂದು ಬುದ್ಧಿ ಒಪ್ಪಿತ್ತು, ಮೈ ಇನ್ನೂ ಒಪ್ಪಿರಲಿಲ್ಲ. ಆದರೆ ಫುಟ್‌ಬಾಲಿನ ಮಾತನ್ನು ಮಾತ್ರ ಅವಳು ಮತ್ತೆಂದೂ ಎತ್ತಲಿಲ್ಲ.

ಫೆಬ್ರವರಿಯಲ್ಲಿ ವಿಲ್ಫ್ರಿದೊಗೆ ಕರಪೆಗ್ವಾದ ಆಚೆ ಒಂದು ಬಾವಿಯ ಕೆಲಸ ಸಿಕ್ಕಿತು. ವಾರವಿಡೀ ಅಲ್ಲೇ ಇರಬೇಕು. ಎರಡು ದಿನ ಅವಳು ಮನೆಯಲ್ಲಿದ್ದ ಪಾತ್ರೆಗಳನ್ನೆಲ್ಲ ಬೆಳಗಿದಳು. ಮೂರನೆಯ ದಿನ ಬಿಸಿ ಚಿಪಾ ರೊಟ್ಟಿಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದಳು. ಹೊಲದ ನಡುವೆ ಬಾವಿಯ ಬಾಯಿ, ಸುತ್ತ ಕೆಮ್ಮಣ್ಣಿನ ಗುಡ್ಡೆ, ಹಗ್ಗ ಹಿಡಿಯುವ ಆಳು ಊಟಕ್ಕೆ ಹೋಗಿದ್ದ. ಅವಳು ಅಂಚಿನಲ್ಲಿ ಮೊಣಕಾಲೂರಿ ಬಗ್ಗಿ ನೋಡಿದಳು. ಕತ್ತಲು ಬಿಟ್ಟರೆ ಏನೂ ಕಾಣಲಿಲ್ಲ.

"ಇದ್ದೀಯಾ?" ಎಂದು ಕೂಗಿದಳು.

ಸ್ವಲ್ಪ ತಡೆದು, ತುಂಬ ಕೆಳಗಿನಿಂದ ಅವನ ದನಿ ಬಂತು. "ಇನ್ನೆಲ್ಲಿಗೆ ಹೋಗ್ಲಿ ಮಾರಾಯ್ತಿ? ಬಂದಿದ್ದೀಯಲ್ಲ, ಆ ಬಕೆಟ್ ಕೆಳಕ್ಕೆ ಬಿಡು. ಮಣ್ಣು ತುಂಬಿ ಕೊಡ್ತೀನಿ."

ನಿಮಿಯಾ ಚಿಪಾದ ಗಂಟನ್ನು ಹುಲ್ಲಿನ ಮೇಲಿಟ್ಟು, ಹಗ್ಗವನ್ನು ಕೈಗೆ ಸುತ್ತಿಕೊಂಡು ಬಕೆಟ್ ಇಳಿಬಿಟ್ಟಳು.